ನಮ್ಮ ಶೆಡ್ಡಿಗೆ ಬಂದ ಮೂರು ಗಾಡಿಗಳು

ನಮ್ಮ ಅಡುಗೆಮನೆಯಲ್ಲಿ ಸೌಟುಗಳನ್ನು ನಿಲ್ಲಿಸಿಡುವ ಒಂದು ಸ್ಟೀಲಿನ ಡಬ್ಬಿ ಇದೆ. ಸಾರಿನ ಸೌಟು, ದೋಸೆ ಮಗುಚುವ ಸಟ್ಟುಗ, ಕರಿಯುವ ಜಾಲರಿ, ಇವುಗಳ ನಡುವೆ ಒಂದು ಸ್ಪ್ಯಾನರ್ ಕೂಡ ತನ್ನ ಪಾಡಿಗೆ ನಿಂತಿರುತ್ತದೆ. ಮೊನ್ನೆ ಬಂದ ನೆಂಟರೊಬ್ಬರು ಅದನ್ನು ಎತ್ತಿ ನೋಡಿ, "ಇದೆಂತ ಮಾರಾಯ್ತಿ, ಇದರಲ್ಲಿ ಯಾವ ಪಲ್ಯ ಮಾಡ್ತೀ?" ಎಂದು ಕೇಳಿದರು. ಗ್ಯಾಸಿನ ಸಿಲಿಂಡರಿಗೆ ಬೇಕಾಗುತ್ತದೆ ಎಂದು ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ನಿಜ ಹೇಳುವುದಾದರೆ ಕೂತು ಹೇಳಬೇಕು, ಅವರಿಗೋ ರೈಲಿಗೆ ಹೊತ್ತಾಗಿತ್ತು. ನಿಮಗೆ ಸ್ವಲ್ಪ ಪುರುಸೊತ್ತು ಇದ್ದ ಹಾಗೆ ಕಾಣುತ್ತದೆ.

ನಮ್ಮ ಮನೆ ಉಪ್ಪಳದಲ್ಲಿ, ರೈಲು ಹಳಿ ದಾಟಿ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯ ಪಕ್ಕಕ್ಕೆ ತಗಡಿನ ಮಾಡಿನ ಒಂದು ಶೆಡ್ಡು. ಕಟ್ಟಿಸುವಾಗ ನಾವು ಅದನ್ನು ಬಹಳ ಗತ್ತಿನಿಂದ ಕಾರ್ ಶೆಡ್ಡು ಎಂದೇ ಕರೆದಿದ್ದೆವು. ಕಾರು ಬರಲಿಲ್ಲ. ಒಣಗಿದ ತೆಂಗಿನಕಾಯಿ ಬಂತು, ಕಟ್ಟಿಗೆ ಬಂತು, ಕೊನೆಗೆ ನನ್ನ ಹೊಲಿಗೆ ಯಂತ್ರ ಬಂತು. ನಾನು ಬಟ್ಟೆ ಹೊಲಿಯುವವಳು. ಆಸುಪಾಸಿನ ಹೆಂಗಸರ ರವಿಕೆಗಳೂ ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಯೂನಿಫಾರ್ಮುಗಳೂ ಆ ಶೆಡ್ಡಿನಲ್ಲೇ ತಯಾರಾಗುತ್ತಿದ್ದವು.

ನನ್ನ ಯಜಮಾನರು ವಾಸುದೇವ. ಊರಿಗೆಲ್ಲ ವಾಸಣ್ಣ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನಾನು ಅವರ ಮುಖಕ್ಕಿಂತ ಮೊದಲು ಅವರ ಕೈಗಳನ್ನು ನೋಡಿದವಳು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ನನ್ನ ತವರು ಬದಿಯಡ್ಕ. ಆಗಿನ ಬಸ್ಸುಗಳಲ್ಲಿ ಇಂಜಿನ್ ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು. ಅದರ ಮೇಲೊಂದು ದಪ್ಪ ಮುಚ್ಚಳ, ಮುಚ್ಚಳದ ಮೇಲೆ ಹರಿದ ರೆಕ್ಸಿನ್. ಸೀಟು ಸಿಗದ ಹೆಂಗಸರು, ಮಕ್ಕಳು ಅದರ ಮೇಲೆ ಕೂರುವುದು ವಾಡಿಕೆ. ಬೇಸಿಗೆಯಲ್ಲಿ ಕೂತರೆ ಒಲೆಯ ಮೇಲಿನ ಚಟ್ಟಿಯ ಮೇಲೆ ಕೂತ ಹಾಗೆ. ಮಳೆಗಾಲದಲ್ಲಿ ಮಾತ್ರ ಒದ್ದೆ ಲಂಗದೊಳಗೆ ಆ ಬಿಸಿ ಹತ್ತಿಕೊಂಡು ಬರುವಾಗ ಶಾಲೆ ಬರುವುದೇ ಬೇಡ ಎನ್ನಿಸುತ್ತಿತ್ತು. ಡೀಸೆಲಿನ ವಾಸನೆ, ಮಾಡಿನ ಮೇಲೆ ಹೇರಿದ ಅಡಿಕೆ ಗೋಣಿಯ ವಾಸನೆ, ಯಾರದೋ ಬುಟ್ಟಿಯ ಒಣಮೀನಿನ ವಾಸನೆ. ದೊಡ್ಡವಳಾದ ಮೇಲೆ ಹೊಲಿಗೆ ಕಲಿಯಲು ಕುಂಬಳೆಗೆ ಹೋಗತೊಡಗಿದೆ. ಆಗಲೂ ಸೀಟು ಖಾಲಿ ಇದ್ದರೂ ಅಲ್ಲೇ ಕೂರುತ್ತಿದ್ದೆ. ಡ್ರೈವರನ ಮುಖ ನೋಡುವ ಧೈರ್ಯವಿಲ್ಲದೆ ಸ್ಟೇರಿಂಗಿನ ಮೇಲಿನ ಕೈ ನೋಡುತ್ತಿದ್ದೆ. ತಿರುವಿನಲ್ಲಿ ಆ ಕೈ ಆತುರಪಡುತ್ತಿರಲಿಲ್ಲ. ಅಷ್ಟೇ ಸಾಕಾಯಿತು ನನಗೆ. ಅಮ್ಮ ಮಾತ್ರ, "ಡ್ರೈವರನಾ?" ಎಂದು ಕೇಳಿದ್ದ ರಾಗ ಈಗಲೂ ಕಿವಿಯಲ್ಲುಂಟು.

ಅಂಥ ಮನುಷ್ಯ ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೇ ಮನೆಗೆ ಬಂದರು. ಬಟ್ಟಲ ಮುಂದೆ ಕೂತು, "ನಾಳೆಯಿಂದ ಬಸ್ಸಿಗೆ ಹೋಗುದಿಲ್ಲ" ಎಂದರು.

"ಯಾಕೆ? ಎಂತ ಆಯ್ತು?"

"ಮೊಣಕಾಲು. ಕ್ಲಚ್ಚು ತುಳಿಲಿಕ್ಕೆ ಆಗುದಿಲ್ಲ."

ಅದರ ನಂತರ ನಾನು ದಿನಾ ಸಂಜೆ ತೈಲ ಬಿಸಿ ಮಾಡಿ ಅವರ ಮೊಣಕಾಲು ತಿಕ್ಕಿದೆ. ಒಂದು ತೈಲ ಮುಗಿದರೆ ಇನ್ನೊಂದು ತಂದೆ. ಅವರೂ ಪಾಪ, ಕಾಲು ಚಾಚಿ ಕೂತು ತಿಕ್ಕಿಸಿಕೊಂಡರು. ಎಷ್ಟು ಕಡಿಮೆಯಾಯಿತು ಎಂದು ಕೇಳಿದರೆ "ಸ್ವಲ್ಪ ಉಂಟು" ಎನ್ನುತ್ತಿದ್ದರು. ಏನೂ ಆಗದ ಮೊಣಕಾಲು ಅದು ಎಂದು ನನಗೆ ಗೊತ್ತಾಗುವಾಗ ಬಹಳ ಸಮಯ ಕಳೆದಿತ್ತು.

ಮನೆಯಲ್ಲಿ ಕೂತ ಡ್ರೈವರನನ್ನು ನೀವು ನೋಡಿದ್ದೀರೋ ಇಲ್ಲವೋ. ಹೆದ್ದಾರಿಯ ಕಡೆಯಿಂದ ಹಾರ್ನ್ ಕೇಳಿದರೆ ತಲೆ ಎತ್ತುತ್ತಾರೆ. ಕೂತಲ್ಲೇ ಕಾಲು ಏನನ್ನೋ ತುಳಿಯುತ್ತದೆ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಹಸನಬ್ಬ ಒಂದು ದಿನ ಗೂಡ್ಸ್ ರಿಕ್ಷಾದಲ್ಲಿ ಒಂದು ಸತ್ತ ಸ್ಕೂಟರ್ ಹೇರಿಕೊಂಡು ಅಂಗಳಕ್ಕೆ ಬಂದರು. ಹಸನಬ್ಬ ಉಪ್ಪಳದಲ್ಲಿ ಗುಜರಿ ಅಂಗಡಿ ಇಟ್ಟವರು, ನಮ್ಮವರ ಹಳೆಯ ಸ್ನೇಹಿತ; ಇವರು ಅವರನ್ನು ಬ್ಯಾರಿಗಳೇ ಎಂದು ಕರೆಯುವುದು.

"ಅಕ್ಕಾ, ವಾಸಣ್ಣ ಹೇಳಿದ್ರು, ರಿಪೇರಿ ಮಾಡ್ತಾರಂತೆ. ನನ್ನಲ್ಲಿದ್ದರೆ ಕಬ್ಬಿಣಕ್ಕೆ ಹೋಗ್ತದೆ. ಇಲ್ಲಿದ್ದರೆ ಅದಕ್ಕೂ ಒಂದು ಗತಿ ಆಗ್ತದೆ" ಎಂದರು.

ನನ್ನ ಹೊಲಿಗೆ ಯಂತ್ರ ಜಗಲಿಗೆ ಹೋಯಿತು. ಸ್ಕೂಟರಿನ ಹಿಂದೆಯೇ ಒಂದು ಹಳೆಯ ಆಟೋರಿಕ್ಷಾ ಬಂತು. ಅದರ ಹಿಂದೆ, ಹಗ್ಗದಲ್ಲಿ ಎಳೆಸಿಕೊಂಡು, ಒಂದು ಜೀಪು. ಬದಿಯಡ್ಕದ ಒಳಗಿನ ಊರುಗಳಿಗೆ ಜನ ಹೇರಿಕೊಂಡು ಹೋಗುತ್ತಿದ್ದ ಸರ್ವಿಸ್ ಜೀಪು ಅದು. ಅದರ ಹಿಂದಿನ ಮೆಟ್ಟಿಲಿನಲ್ಲಿ ನೇತಾಡಿದವರ ಕೈ ತಿಕ್ಕಿ ತಿಕ್ಕಿ ಕಂಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಳಿದಲ್ಲೆಲ್ಲ ತುಕ್ಕು. ಮೂರು ಗಾಡಿಗಳೂ ಶೆಡ್ಡಿನಲ್ಲಿ ಒಂದರ ಮೈಗೆ ಒಂದು ತಾಗಿ ನಿಂತವು. ಕಾರ್ ಶೆಡ್ಡು ಎಂಬ ಹೆಸರು ಕೊನೆಗೂ ಅರ್ಧ ಸಾರ್ಥಕವಾಯಿತು ಎಂದುಕೊಂಡೆ.

ಮೊದಲು ಸ್ಕೂಟರ್. ಹೆಚ್ಚು ಕಷ್ಟವಿಲ್ಲದ್ದು ಎಂದು ಅದನ್ನು ಹಿಡಿದರು. ಬಿಚ್ಚಿ, ತಿಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ತಿಂಗಳುಗಟ್ಟಲೆ ಅದರ ಹಿಂದೆ ಬಿದ್ದು ಕೊನೆಗೆ ಬಣ್ಣ ಹೊಡೆದರು. ತಿಳಿನೀಲಿ. ನಾನು ಚಾ ತೆಗೆದುಕೊಂಡು ಹೋಗಿ ನೋಡಿದರೆ, ಮುಂದಿನ ಭಾಗ ನೀಲಿ, ಹಿಂದೆ ಎರಡೂ ಬದಿಯ ಉಬ್ಬಿದ ಹೊಟ್ಟೆಗಳು ಪಾಚಿ ಹಸಿರು.

"ಇದೆಂತ, ಎರಡು ಬಣ್ಣ?"

"ಎಲ್ಲಿ ಎರಡು? ಒಂದೇ ನೀಲಿ."

"ಹಸಿರಲ್ವಾ ಇದು? ಡಬ್ಬಿ ನೋಡಿ."

ಅವರು ಡಬ್ಬಿಯನ್ನು ಕಣ್ಣ ಹತ್ತಿರಕ್ಕೆ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದು ನೋಡಿದರು. "ಅಂಗಡಿಯವ ಬದಲಿಸಿ ಕೊಟ್ಟದ್ದು" ಎಂದು ಹೇಳಿ, ಎದ್ದು ಕೈ ತೊಳೆಯಲು ಹೋದರು. ರವಿಕೆಗೆ ಸರಿಹೊಂದುವ ನೂಲಿಗಾಗಿ ಹತ್ತು ಉಂಡೆ ನೋಡುವವಳು ನಾನು. ಗಂಡಸರಿಗೆ ಬಣ್ಣ ಗೊತ್ತಾಗುವುದಿಲ್ಲ ಎಂದು ನಕ್ಕು ಬಿಟ್ಟೆ.

ಮತ್ತೆ ಬಣ್ಣ ಹೊಡೆಯುವಷ್ಟರಲ್ಲಿ ಮಳೆಗಾಲ ಬಂತು. ಸಮುದ್ರದ ಬದಿಯ ಮಳೆಗಾಲ ಎಂದರೆ ಬರೀ ಮಳೆಯಲ್ಲ, ಉಪ್ಪುಗಾಳಿಯೂ ಹೌದು. ಮನೆಯೊಳಗೆ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಸ್ಕೂಟರಿನ ಮೈಯೂ ಬೆವತಿತು. ಹೊಸ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಒತ್ತಿದರೆ ಸಿಪ್ಪೆ ಕಿತ್ತು ಬಂದು, ಒಳಗೆ ಹೊಸ ತುಕ್ಕು ಕೆಂಪಗೆ ಕೂತಿತ್ತು. ಅವರು ಮತ್ತೆ ಮರಳು ಕಾಗದ ಹಿಡಿದು ತಿಕ್ಕಲು ಕೂತರು. ಮಳೆಯ ಸದ್ದು ನಿಂತಾಗಲೆಲ್ಲ ಶೆಡ್ಡಿನಿಂದ ಆ ಕರಕರ ಕೇಳುತ್ತಿತ್ತು.

ಆಟೋದ ಕಥೆ ಇನ್ನೂ ಬೇಸರದ್ದು. ಅದರ ಇಂಜಿನ್ ಪೂರ್ತಿ ಬಿಚ್ಚಿ, ಪ್ರತಿಯೊಂದನ್ನೂ ಒರೆಸಿ, ನನ್ನ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ ಸಾಲಾಗಿ ಇಟ್ಟಿದ್ದರು. ಮತ್ತೆ ಜೋಡಿಸುವಾಗ ಒಂದು ಸಣ್ಣ ಲಾಕು ಕಾಣಲಿಲ್ಲ. ಬಳೆಯ ಚೂರಿನ ಹಾಗೆ ಬಾಗಿದ ಒಂದು ತಂತಿ, ಅಷ್ಟೇ. ಎಲ್ಲ ಕಡೆ ಹುಡುಕಿದರು. ಬೆಕ್ಕಿಗೆ ಬೈದರು. ಕಾಗೆ ಕೊಂಡು ಹೋಗಿರಬೇಕು ಎಂದರು. ಕೊನೆಗೆ ಅಂಥದ್ದೇ ಇನ್ನೊಂದನ್ನು ಹಸನಬ್ಬನ ರಾಶಿಯಿಂದ ತಂದು ಹಾಕಿ, ಎಲ್ಲ ಕೂಡಿಸಿ, ನನ್ನನ್ನೂ ಹಸನಬ್ಬನನ್ನೂ ಕರೆದು, ಇಂಜಿನ್ ಚಾಲೂ ಮಾಡಿದರು. ಚೆನ್ನಾಗಿಯೇ ಹೊಡೆದುಕೊಂಡಿತು. ಹಸನಬ್ಬ "ಮಾಶಾ ಅಲ್ಲಾಹ್" ಎನ್ನುವಷ್ಟರಲ್ಲಿ ಒಳಗಿನಿಂದ ಕಬ್ಬಿಣ ಹಲ್ಲು ಕಡಿದ ಹಾಗೆ ಒಂದು ಸದ್ದು ಬಂದು ಎಲ್ಲ ನಿಂತುಹೋಯಿತು. ತಂದ ಲಾಕು ಅಳತೆಯದ್ದಲ್ಲ. ಅದು ಕಳಚಿ ಒಳಗೆ ಬಿದ್ದು ಸಿಲಿಂಡರನ್ನು ಗೀರಿ ಹಾಳುಮಾಡಿತ್ತು.

ಅವರು ಎದ್ದು ಹೋದ ಮೇಲೆ ನಾನು ಸೀರೆ ಮಡಚಲು ಬಗ್ಗಿದೆ. ಕಳೆದುಹೋದ ಲಾಕು ಸೀರೆಯ ಎಡ ಅಂಚಿನಲ್ಲೇ ಇತ್ತು. ಅವರು ಕೂತಿದ್ದ ಮಣೆಯ ಪಕ್ಕದಲ್ಲಿ, ಹಗಲು ಬೆಳಕಿನಲ್ಲಿ, ಫಳಫಳ ಹೊಳೆಯುತ್ತ. ಅದನ್ನು ಹೆಕ್ಕಿ ನನ್ನ ನೂಲಿನ ಡಬ್ಬಿಯೊಳಗೆ ಹಾಕಿದೆ. ಅವರಿಗೆ ತೋರಿಸಲಿಲ್ಲ.

ಇಷ್ಟಾದ ಮೇಲೂ ಜೀಪಿಗೆ ಕೈ ಹಾಕಿದರು. ಜೀಪಿನ ಸೀಟು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ರೆಕ್ಸಿನ್ ಹೊಲಿದು ಅಭ್ಯಾಸವಿಲ್ಲದವಳು, ನನಗೆ ತಿಳಿದ ಹಾಗೆ ಅಂಚಿಗೆಲ್ಲ ಪೈಪಿಂಗ್ ಕೊಟ್ಟು ಹೊಲಿದೆ. ಹಸನಬ್ಬ ಅದನ್ನು ನೋಡಿ, "ಅಕ್ಕಾ, ಜೀಪು ಮದುವೆಗೆ ಹೊರಟ ಹಾಗುಂಟು" ಎಂದು ನಗಾಡಿದ್ದರು. ಅದೇ ಸೀಟಿನ ಎರಡನೆಯ ತುಂಡು ಹೊಲಿಯುತ್ತ ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿದ್ದೆ. ಶೆಡ್ಡಿನೊಳಗೆ ದಡ್ ಎಂದು ಒಂದು ಸದ್ದಾಯಿತು. ಅವರ ಕೂಗು ಕೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಓಡಿ ಹೋಗಿ ನೋಡಿದರೆ ಜೀಪು ಒಂದು ಕಡೆಗೆ ವಾಲಿ ಕೂತಿದೆ. ಜಾಕಿಯ ಅಡಿಗೆ ಹಲಗೆ ಇಡುವಾಗ ಅರ್ಧ ಹಲಗೆಯ ಮೇಲೆ, ಅರ್ಧ ಹೊರಗೆ ಇಟ್ಟಿದ್ದಾರೆ. ಎಡಬದಿಗೆ ಜಾರಿದೆ. ಕಳಚಿದ ಚಕ್ರದ ಜಾಗದಲ್ಲಿ ಇಟ್ಟಿದ್ದ ಕೆಂಪುಕಲ್ಲಿಗೂ ಕಬ್ಬಿಣಕ್ಕೂ ನಡುವೆ ಅವರ ಎಡಗೈ. ಮುಖ ಬಿಳುಚಿ, ಬಾಯಿ ಬಿಗಿಹಿಡಿದು, ನನ್ನ ಕಡೆಗೆ ನೋಡಿ, "ಹಸನಬ್ಬನನ್ನು ಕರೆ. ನೀನು ಮುಟ್ಟಬೇಡ" ಎಂದರು.

ಹಸನಬ್ಬ ಅಂಗಡಿಯ ಕೆಲಸದವರನ್ನು ಕಟ್ಟಿಕೊಂಡು ಬಂದು ಜೀಪು ಎತ್ತಿಸಿದರು. ಎರಡು ಬೆರಳು ಮುರಿದಿದ್ದವು. ಹೆಚ್ಚಿನ ಭಾರ ಕಲ್ಲಿನ ಅಂಚಿನ ಮೇಲೆ ಕೂತದ್ದರಿಂದ ಕೈ ಉಳಿಯಿತು.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಹಾಕಿ ಕೂರಿಸಿದ ಮೇಲೆ ನರ್ಸ್ ಅವರ ಎಡಗಡೆಯಿಂದ ಮಾತ್ರೆ, ನೀರು ಹಿಡಿದು ನಿಂತಳು. ಇವರು ತೆಗೆದುಕೊಳ್ಳಲಿಲ್ಲ. "ಮಾತ್ರೆ ತಗೊಳ್ಳಿ" ಎಂದಳು. ಇವರು ಬಲಗಡೆಗೆ ತಿರುಗಿ ಹುಡುಕಿದರು. ಬೆರಳು ನೋಡಿದ ಡಾಕ್ಟರು ಅದನ್ನು ಗಮನಿಸಿ ಎದುರು ಬಂದು ನಿಂತು, "ಕಣ್ಣು ತೋರಿಸಿದ್ದೀರಾ ಯಾವಾಗಾದರೂ?" ಎಂದು ಕೇಳಿದರು.

"ಡ್ರೈವರ್ ನಾನು" ಎಂದರು ಇವರು. "ಕಣ್ಣಿಗೆ ಎಂತ ಆಗ್ಲಿಕ್ಕೆ ಉಂಟು?"

ಆದರೂ ಮುಂದಿನ ವಾರ ಅವರನ್ನು ರೈಲು ಹತ್ತಿಸಿ ಮಂಗಳೂರಿನ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕತ್ತಲೆ ಕೋಣೆ. ಯಂತ್ರವೊಂದರ ಬಟ್ಟಲಿನಂಥ ಬಾಯೊಳಗೆ ಮುಖ ಇಟ್ಟು ಕೂರಬೇಕು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಆಚೆಈಚೆ ಸಣ್ಣ ಬೆಳಕು ಮಿನುಗಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯ ಈಚೆಗೆ ಬೆಂಚಿನಲ್ಲಿ ಕೂತಿದ್ದೆ. ಅವರಿಗಿಂತ ಮೊದಲು ಒಳಗೆ ಹೋಗಿದ್ದ ಹೆಂಗಸು ಗುಂಡಿ ಒತ್ತುವ ಸದ್ದು ನನಗೆ ಕೇಳಿತ್ತು. ಟಿಕ್, ಟಿಕ್, ಟಿಕ್ ಎಂದು, ಮಾಡಿನಂಚಿನಿಂದ ಹನಿ ಬೀಳುವ ಹಾಗೆ.

ಇವರು ಒಳಗೆ ಹೋದರು. ಒಂದು ಟಿಕ್ ಕೇಳಿತು. ಆಮೇಲೆ ಏನೂ ಇಲ್ಲ. ಯಂತ್ರ ಗುಂಯ್ ಎನ್ನುತ್ತಲೇ ಇತ್ತು, ಅಂದರೆ ಬೆಳಕು ಮಿನುಗುತ್ತಲೇ ಇರಬೇಕು. ನಾನು ಉಸಿರು ಹಿಡಿದು ಕಾದೆ. ಇನ್ನೊಂದು ಟಿಕ್. ಮತ್ತೆ ಮೌನ. ಮನಸ್ಸಿನಲ್ಲೇ, ಒತ್ತಿ, ಒತ್ತಿ ಎಂದು ಹೇಳುತ್ತಿದ್ದೆ. ಪಕ್ಕದಲ್ಲಿ ಕೂತವರು ಏನೋ ಮಾತಾಡಿಸಿದರು, ನಾನು ಕೈಸನ್ನೆಯಿಂದ ಅವರನ್ನು ಸುಮ್ಮನಾಗಿಸಿದೆ. ಜೀವನದಲ್ಲಿ ಯಾವ ಸದ್ದಿಗೂ ನಾನು ಹಾಗೆ ಕಾದದ್ದಿಲ್ಲ.

"ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಸಾಯುವ ಕಾಯಿಲೆ" ಎಂದರು ಡಾಕ್ಟರು. ವಯಸ್ಸಾದ ಮಹಿಳೆ, ಮೆಲುದನಿಯವರು. "ಬದಿಗಳಿಂದ ಶುರುವಾಗ್ತದೆ, ನೋವು ಇರುದಿಲ್ಲ. ಎಡಬದಿ ಹೆಚ್ಚು ಹೋಗಿದೆ. ಹೋದದ್ದು ಬರುದಿಲ್ಲ ಅಮ್ಮಾ. ಇದ್ದದ್ದನ್ನು ಉಳಿಸುವ. ದಿನಾ ತಪ್ಪದೆ ಮದ್ದು ಬಿಡ್ಬೇಕು." ಆಮೇಲೆ ಅವರ ಕಡೆಗೆ ತಿರುಗಿ, "ಇನ್ನು ಗಾಡಿ ಬಿಡ್ಲಿಕ್ಕಿಲ್ಲ" ಎಂದರು.

ಬರುವಾಗ ರೈಲಿನಲ್ಲಿ ಕಿಟಕಿಯ ಬದಿಗೆ ಕೂತರು. ರೈಲು ಹೊಳೆಯ ಸಂಕದ ಮೇಲೆ ದಡದಡ ದಾಟಿತು. ಆಮೇಲೆ ಹೊರಗೇ ನೋಡುತ್ತ ಹೇಳಿದರು.

"ಮೊಣಕಾಲಿಗೆ ಎಂತದ್ದೂ ಆಗಿರ್ಲಿಲ್ಲ."

ನಾನು ಅವರ ಕಡೆಗೆ ತಿರುಗಿದೆ.

"ಆ ದಿನ ನೀರ್ಚಾಲು ದಾಟಿ ಒಂದು ಸ್ಟಾಪಿನಲ್ಲಿ ಜನ ಇಳ್ಸಿ ಬಸ್ಸು ತೆಗ್ದೆ. ಕಂಡಕ್ಟರ್ ಬೊಬ್ಬೆ ಹೊಡ್ದು ಬಸ್ಸಿನ ಮೈಗೆ ಬಡ್ದ. ಬ್ರೇಕ್ ಹಾಕಿ ಇಳ್ದು ನೋಡಿದ್ರೆ ಎಡದ ಚಕ್ರದ ಅಡಿ ಒಂದು ಕೊಡೆ. ಶಾಲೆಗೆ ಹೋಗುವ ಹೆಣ್ಣು ಮಗು. ಕೊಡೆ ಬಿಟ್ಟು ಹಿಂದೆ ಹಾರಿತ್ತು. ಅದಕ್ಕೆ ಎಂತದ್ದೂ ಆಗ್ಲಿಲ್ಲ. ನಿಂತು ನನ್ನನ್ನೇ ನೋಡ್ತಿತ್ತು. ನಾನು ಅದನ್ನು ಕಂಡದ್ದೇ ಇಲ್ಲ ಮಾರಾಯ್ತಿ. ಅಲ್ಲಿ ಮಗು ಇತ್ತು ಅಂತಲೇ ನನಗೆ ಗೊತ್ತಿಲ್ಲ. ಬದಿಯಡ್ಕದಲ್ಲಿ ಬಸ್ಸು ನಿಲ್ಸಿ ಕೀ ಕೊಟ್ಟು ಬಂದೆ."

ನನಗೆ ಸಿಟ್ಟು ಬಂತು. ಅಳು ಬರುವ ಬದಲು ಸಿಟ್ಟು. "ಆಗಲೇ ಹೇಳಿದ್ದರೆ ಡಾಕ್ಟ್ರಲ್ಲಿಗೆ ಹೋಗ್ತಿದ್ದೆವಲ್ಲ? ಇಷ್ಟು ಹೋಗ್ತಿರ್ಲಿಲ್ಲ."

"ಹೋಗಿದ್ದರೆ ಅವರು ಡ್ರೈವಿಂಗ್ ಬಿಡಿ ಅಂತ ಹೇಳ್ತಿದ್ರು."

"ನೀವೇ ಬಿಟ್ಟಿದ್ದಿರಲ್ಲ!"

"ನಾನಾಗಿ ಬಿಟ್ಟದ್ದು ಬೇರೆ" ಎಂದರು. "ಇನ್ನೊಬ್ಬರು ಬಿಡ್ಸುದು ಬೇರೆ."

ಉಪ್ಪಳ ಬರುವವರೆಗೂ ಲೆಕ್ಕ ಹಾಕುತ್ತಿದ್ದೆ. ನೀಲಿ ಹಸಿರಾದದ್ದು, ಸೀರೆಯ ಅಂಚಿನ ಲಾಕು, ಜಾಕಿಯ ಅಡಿಯ ಹಲಗೆ ಒಂದೊಂದಾಗಿ ನನ್ನ ತಲೆಯೊಳಗೆ ಬಂದು ಕೂತವು. ಕಣ್ಣು ಹೋಗುತ್ತಿದೆ ಎಂದು ಗೊತ್ತಿದ್ದೂ ಈ ಮನುಷ್ಯ, ಕೈಗೆ ಗೊತ್ತಿರುವ ಕೆಲಸಕ್ಕೆ ಕಣ್ಣು ಬೇಡ ಎಂದು ತನಗೆ ತಾನೇ ಸಾಧಿಸಿ ತೋರಿಸಲು ಹೊರಟಿದ್ದರು. ಅದು ಆಗದ ಮಾತು ಎಂದು ಒಂದೊಂದು ಗಾಡಿಯೂ ಅವರಿಗೆ ಹೇಳಿತ್ತು.

ಶೆಡ್ಡಿಗೆ ಬೀಗ ಬಿತ್ತು. ಬೆಳಿಗ್ಗೆ ಸಂಜೆ ಅವರ ಕಣ್ಣಿಗೆ ಮದ್ದು ಬಿಡುವುದು ನನ್ನ ಕೆಲಸವಾಯಿತು. ಜಗಲಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂರುತ್ತಿದ್ದರು. ಮದ್ದು ಕೆನ್ನೆಗೆ ಇಳಿದರೆ ನಾನು ಸೆರಗಿನಿಂದ ಒರೆಸುತ್ತಿದ್ದೆ. ಅದು ಮದ್ದೋ ಬೇರೆಯೋ ಎಂದು ನಾನು ಕೇಳಲಿಲ್ಲ. ಕುಂಬಳೆಯಲ್ಲಿರುವ ನಮ್ಮ ಮಗಳು ಆದಿತ್ಯವಾರ ಬಂದು ಅಪ್ಪನಿಗೆ ಪೇಪರ್ ಓದಿ ಹೇಳಲು ನೋಡಿದಳು. "ನೇರ ಎದುರಿಗಿದ್ದದ್ದು ಕಾಣ್ತದೆ ನನಗೆ, ಓದ್ಲಿಕ್ಕೆ ಆಗ್ತದೆ" ಎಂದು ಪೇಪರ್ ಕಿತ್ತುಕೊಂಡರು. ಆದರೆ ಓದಲಿಲ್ಲ, ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

ಕೊನೆಗೆ ನಾನೇ ಹಸನಬ್ಬನಿಗೆ ಹೇಳಿಕಳಿಸಿದೆ. ಮೂರನ್ನೂ ಕೊಂಡುಹೋಗಿ ಎಂದು. ಅವರು ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿ, ಕೆಳಗಿಳಿಯದೆ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಜಗಲಿಗೆ ಬಂದು, "ವಾಸಣ್ಣ, ನನಗೆ ಮನಸ್ಸು ಬರುದಿಲ್ಲ. ಆದರೆ ಇಲ್ಲಿದ್ದರೆ ನೀವು ದಿನಾ ನೋಡ್ಬೇಕಲ್ಲ" ಎಂದರು.

"ನೋಡುದು ಎಂತ ಬ್ಯಾರಿಗಳೇ" ಎಂದರು ಇವರು. "ಅರ್ಧ ನನಗೆ ಕಾಣುದೇ ಇಲ್ಲ." ನಗಲು ನೋಡಿದರು, ನಗು ಅರ್ಧಕ್ಕೆ ನಿಂತಿತು. ಹಸನಬ್ಬ ಮುಖ ತಿರುಗಿಸಿದರು.

ಸ್ಕೂಟರ್ ಹೋಯಿತು, ಆಟೋ ಹೋಯಿತು. ಮರುದಿನ ಜೀಪಿಗೆ ಹಗ್ಗ ಕಟ್ಟುವಾಗ ಇವರು ಎದ್ದು, ಕಂಬ ಹಿಡಿದು, ಅಂಗಳ ದಾಟಿ ಬಂದರು. ಸೊಟ್ಟಗೆ ಕೂಡಿಕೊಂಡ ಬೆರಳುಗಳ ಎಡಗೈಯನ್ನು ಜೀಪಿನ ಮೂತಿಯ ಮೇಲಿಟ್ಟರು. ಯಾರಿಗೂ ಹೇಳಿದ್ದಲ್ಲ, ಆದರೂ ಎಲ್ಲರಿಗೂ ಕೇಳಿತು. "ಇದು ಒಂದು ಇರ್ಲಿ."

"ಇದ್ದು ಎಂತ ಮಾಡ್ಲಿಕ್ಕೆ?" ಎಂದೆ. "ಯಾರು ಬಿಡ್ಲಿಕ್ಕೆ ಇದನ್ನು?"

ಅವರು ಕೈ ತೆಗೆಯಲಿಲ್ಲ. ಆ ಕೈಯನ್ನು ನೋಡುತ್ತ ನಿಂತವಳ ಬಾಯಿಂದ, "ಆಯ್ತು, ನಾನು ಬಿಡ್ತೇನೆ" ಎಂದು ಬಂತು. ಹೇಗೆ ಬಂತು ಎಂದು ಇವತ್ತಿಗೂ ಗೊತ್ತಿಲ್ಲ. ಸೈಕಲ್ ಕೂಡ ತುಳಿದವಳಲ್ಲ ನಾನು. ಹಸನಬ್ಬ ನನ್ನ ಮುಖವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ ಹಗ್ಗದ ಗಂಟು ಬಿಚ್ಚತೊಡಗಿದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಇನ್ನೊಂದು ಸಂಸಾರ. ಅವರು ಕೈ, ನಾನು ಕಣ್ಣು. ಅವರು ಜೀಪಿನ ಅಡಿಗೆ ಕೈ ಚಾಚಿ ತಡವುತ್ತ, "ಇಲ್ಲಿ ಎಡಕ್ಕೆ ಒಂದು ನಟ್ಟು ಕಾಣ್ತದಾ?" ಎನ್ನುವರು.

"ಕಾಣ್ತದೆ."

"ತುಕ್ಕು ಉಂಟಾ?"

"ತುಕ್ಕು ಇಲ್ಲದ್ದು ಇದರಲ್ಲಿ ಎಂತ ಉಂಟು?"

"ಕೇಳಿದ್ದಕ್ಕೆ ಮಾತ್ರ ಹೇಳು ಮಾರಾಯ್ತಿ."

ಜಗಳವಾಗದ ದಿನ ಕಡಿಮೆ. ನಾನು ಒಲೆಯ ಮೇಲೆ ಒಗ್ಗರಣೆ ಇಟ್ಟು ಬಂದು ಟಾರ್ಚ್ ಹಿಡಿಯಬೇಕು. ಸಾಸಿವೆ ಸಿಡಿದ ವಾಸನೆ ಬಂದರೆ ಓಡಬೇಕು. ಕೈಯಲ್ಲಿದ್ದ ಸ್ಪ್ಯಾನರ್ ಸೌಟಿನ ಡಬ್ಬಿಗೆ ಹೋಗಿ, ಸೌಟು ಶೆಡ್ಡಿಗೆ ಬಂದದ್ದೂ ಉಂಟು. ಹಿಂದೆ ಬಿದ್ದ ಏಟುಗಳಿಂದ ಪಾಠ ಕಲಿತೆವು ಎಂದು ಹೇಳಿದರೆ ಸುಳ್ಳಾದೀತು. ಹೊಸ ಏಟುಗಳು ಬೀಳುತ್ತಲೇ ಇದ್ದವು. ರೇಡಿಯೇಟರ್ ಒಡೆದು ಕಂದು ನೀರು ನಾನು ಹೊಲಿದಿಟ್ಟ ಗಿರಾಕಿಯ ಬಿಳಿ ಚೂಡಿದಾರದ ಮೇಲೆ ಸುರಿಯಿತು. ಇಂಜಿನ್ ಹೊಡೆದುಕೊಂಡ ದಿನ ಇಬ್ಬರೂ ಕುಣಿಯುವುದೊಂದು ಬಾಕಿ, ಆದರೆ ಗೇರ್ ಹಾಕಿದರೆ ಜೀಪು ಮುಂದೆ ಹೋಗಲೊಲ್ಲದು. ಕ್ಲಚ್ ಪ್ಲೇಟನ್ನು ತಿರುಗುಮುರುಗಾಗಿ ಹಾಕಿದ್ದೆವು. ನಾನು ನೋಡಿ ಸರಿ ಇದೆ ಎಂದು ಹೇಳಿದ್ದೆ. ಕಣ್ಣಿದ್ದರೆ ಸಾಲದು ಎಂದು ಅವತ್ತು ಅವರು ಹೇಳಬಹುದಿತ್ತು, ಹೇಳಲಿಲ್ಲ. "ಬಿಚ್ಚುವ" ಎಂದಷ್ಟೇ ಅಂದರು.

ಈ ನಡುವೆ ನಾನು ಉಪ್ಪಳದ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನಮ್ಮ ಕೇರಳದಲ್ಲಿ ಲೈಸೆನ್ಸ್ ಬೇಕಾದರೆ ಕಂಬಗಳ ನಡುವೆ ಗಾಡಿಯನ್ನು ಮುಂದೆ, ಹಿಂದೆ ತಿರುಗಿಸಿ ಇಂಗ್ಲಿಷಿನ ಎಚ್ ಅಕ್ಷರ ಬರೆಯಬೇಕು. ಶಾಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯಲಿಕ್ಕೇ ಕಷ್ಟಪಟ್ಟವಳು ಹಿಂದಕ್ಕೆ ಹೋಗುವ ಕಾರಿನಲ್ಲಿ ಹೇಗೆ ಬರೆಯಲಿ? ನನ್ನ ಜತೆಗೆ ಕಲಿಯುವವರೆಲ್ಲ ನನ್ನ ಮಗಳಿಗಿಂತ ಸಣ್ಣವರು, ನನ್ನನ್ನು ಆಂಟಿ ಎನ್ನುವವರು. ಮೊದಲ ಸಲ ಕಂಬ ಬೀಳಿಸಿ ತಲೆ ತಗ್ಗಿಸಿ ಮನೆಗೆ ಬಂದೆ. ಅವರು ಅಂಗಳದಲ್ಲಿ ಮರಗೆಣಸಿನ ಕೋಲುಗಳನ್ನು ನೆಟ್ಟರು. ಹೆಜ್ಜೆಯಿಂದ ಅಳೆದು, ಕೈಯಿಂದ ಮುಟ್ಟಿ ನೋಡಿ, ಸಾಲು ಸರಿಮಾಡಿದರು. ಅಷ್ಟರಲ್ಲಿ ಜೀಪು ಅಂಗಳದಷ್ಟು ದೂರ ಓಡಲು ಒಪ್ಪಿಕೊಂಡಿತ್ತು. ಅವರು ನಡುವೆ ನಿಂತು ಇಂಜಿನಿನ ಸದ್ದಿಗೆ ಕಿವಿ ಕೊಟ್ಟು, "ಕ್ಲಚ್ಚು ಬಿಡ್ಬೇಡ, ಬಿಡ್ಬೇಡ. ಈಗ ಬಿಡು" ಎಂದು ಕೂಗುತ್ತಿದ್ದರು. ನಾನು ಹೊಡೆದುರುಳಿಸಿದ ಕೋಲುಗಳನ್ನು ಮತ್ತೆ ನೆಡುತ್ತಿದ್ದರು. ಲೈಸೆನ್ಸ್ ಸಿಕ್ಕಿತು ಎಂದು ಹೇಳಿದ ದಿನ ಅವರು ಎದ್ದು ಹೋಗಿ ತಮ್ಮ ಹಳೆಯ ಖಾಕಿ ಅಂಗಿಯನ್ನು ಕಪಾಟಿನ ಅಡಿಯಿಂದ ತೆಗೆದು, ಕೊಡವಿ, ಮತ್ತೆ ಮಡಚಿ ಇಟ್ಟದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

ಜೀಪು ಫಿಟ್‌ನೆಸ್ ಪರೀಕ್ಷೆಯಲ್ಲಿ ಒಮ್ಮೆ ಬಿತ್ತು. ಬ್ರೇಕ್ ಹಾಕಿದರೆ ಒಂದು ಬದಿಗೆ ಎಳೆಯುತ್ತಿತ್ತು, ಬೀಳಿಸಿದ್ದು ನ್ಯಾಯವೇ. ಮತ್ತೆ ಬಿಚ್ಚಿ ಮತ್ತೆ ಕೂಡಿಸಿ ಎರಡನೆಯ ಸಲ ದಾಟಿಸಿದೆವು. ಆ ಹೊತ್ತಿಗೆ ಡಾಕ್ಟರು, ಒತ್ತಡ ಹತೋಟಿಗೆ ಬಂದಿದೆ, ಉಳಿದ ನೋಟ ಸದ್ಯಕ್ಕೆ ಹಾಗೇ ಇದೆ ಎಂದು ಹೇಳಿದ್ದರು. ಸದ್ಯಕ್ಕೆ ಎಂಬ ಮಾತಿನ ಮೇಲೆ ಅವರು ಸ್ವಲ್ಪ ಭಾರ ಹಾಕಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು.

ಕಳೆದ ಚಳಿಗಾಲದ ಒಂದು ಆದಿತ್ಯವಾರ ಬದಿಯಡ್ಕದ ತಮ್ಮನ ಮನೆಗೆ ಊಟಕ್ಕೆ ಹೊರಟೆವು. ಮೊದಲ ದೂರದ ಪ್ರಯಾಣ. ನಾನು ಸ್ಟೇರಿಂಗಿನಲ್ಲಿ, ಅವರು ನನ್ನ ಎಡಗಡೆಗೆ. ಅವರು ಹತ್ತುವಾಗ ಒಂದು ಕ್ಷಣ ಅಭ್ಯಾಸಬಲದಿಂದ ಬಲಬದಿಗೆ ಬಂದು, ನನ್ನನ್ನು ನೋಡಿ, ಸುಮ್ಮನೆ ಜೀಪನ್ನು ಸುತ್ತು ಹಾಕಿ ಆಚೆಗೆ ಹೋದರು. ಹೆದ್ದಾರಿ ಅಗಲ ಮಾಡಿದ ಮೇಲೆ ಉಪ್ಪಳದ ಗುರುತೇ ಸಿಗುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಮೆಲ್ಲನೆ ಹೋದೆ.

"ಎಡಕ್ಕೆ ನೋಡು" ಎಂದರು.

"ನೋಡಿದೆ."

"ಎಡದಿಂದ ಯಾರಾದ್ರೂ ಬರ್ತಾರೆ. ನೋಡು."

ಕುಂಬಳೆಯಲ್ಲಿ ಬದಿಯಡ್ಕದ ರಸ್ತೆಗೆ ತಿರುಗಿಸಿದೆ. ಪ್ರತಿ ಸ್ಟಾಪಿಗೂ ಅವರ ಕಾಲು ನೆಲವನ್ನು ತುಳಿಯುತ್ತಿತ್ತು, ಪ್ರತಿ ಸ್ಟಾಪಿಗೂ ಬಾಯಿ, "ಎಡಕ್ಕೆ ನೋಡು." ಸೀತಾಂಗೋಳಿಯ ಏರಿನಲ್ಲಿ ಜೀಪು ನಿಂತೇಹೋಯಿತು. ಹಿಂದಿನಿಂದ ಬಸ್ಸಿನ ಹಾರ್ನ್. ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಬಸ್ಸು ಪಕ್ಕಕ್ಕೆ ಬಂದು ನಿಧಾನಿಸಿತು. ಡ್ರೈವರ್ ನಮ್ಮ ಕಡೆಗೆ ಬಗ್ಗಿ ಬೈಯಲು ಬಾಯಿ ತೆರೆದವನು, ಇವರನ್ನು ಕಂಡು, "ಓ ವಾಸಣ್ಣಾ! ನೀವಾ!" ಎಂದ. ಆಮೇಲೆ ಸ್ಟೇರಿಂಗಿನಲ್ಲಿ ನನ್ನನ್ನು ಕಂಡು ಅವನ ಬಾಯಿ ಹಾಗೇ ನಿಂತಿತು.

"ಹೌದು ಮಾರಾಯ, ನಾನೇ" ಎಂದರು ಇವರು. "ಡ್ರೈವರ್ ಇವಳು. ಹೊಸಬಳು. ಸ್ವಲ್ಪ ಜಾಗ ಕೊಡು."

ಬಸ್ಸು ಮುಂದೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಉಸಿರು ಬಿಟ್ಟು, ಮತ್ತೆ ಚಾಲೂ ಮಾಡಿದೆ. ಕ್ಲಚ್ಚು ಮೆಲ್ಲನೆ ಬಿಟ್ಟೆ. ಈ ಸಲ ಜೀಪು ಏರು ಹತ್ತಿತು.

ನೀರ್ಚಾಲು ಹತ್ತಿರವಾಯಿತು. ಒಂದು ತಿರುವು ಕಳೆಯಿತು, ಒಂದು ಸ್ಟಾಪ್ ಕಳೆಯಿತು. "ಎಡಕ್ಕೆ ನೋಡು" ಬರಲಿಲ್ಲ. ಇನ್ನೂ ಒಂದು ಸ್ಟಾಪ್. ಆಗಲೂ ಇಲ್ಲ. ರಸ್ತೆಯಿಂದ ಕಣ್ಣು ತೆಗೆಯಲು ಹೆದರಿಕೆ. ನೇರ ದಾರಿ ಸಿಕ್ಕಿದ ಮೇಲೆ ಒಮ್ಮೆ ಆ ಕಡೆಗೆ ತಿರುಗಿದೆ. ಸೀಟಿಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಮೇಲೆ ಬಿಟ್ಟು, ಕಣ್ಣು ಮುಚ್ಚಿ ಕೂತಿದ್ದಾರೆ.

"ನಿದ್ರೆ ಬಂತಾ?"

"ಇಲ್ಲ."

"ಮತ್ತೆ? ಕಣ್ಣು ನೋಯ್ತದಾ?"

"ಇಲ್ಲಪ್ಪ" ಎಂದರು, ಕಣ್ಣು ತೆರೆಯದೆಯೇ. "ಸುಮ್ಮನೆ ಕೂತದ್ದು. ನೋಡ್ಲಿಕ್ಕೆ ನೀನುಂಟಲ್ಲ."